ದಾಳಿಂಬದ ಮಕ್ಕಳು ಹೇಳದೆ ಬಿಟ್ಟ ದಿಕ್ಕು

ಮೊದಲನೇ ಮಹಾಯುದ್ಧ ಮುಗಿದು ಎರಡು ಮೂರು ವರ್ಷಗಳಾಗಿದ್ದವು. ನಾನಾಗ ನಿಜಾಮ ಸರಕಾರದ ವೈದ್ಯಕೀಯ ಇಲಾಖೆಯಲ್ಲಿ ಸಬ್ ಅಸಿಸ್ಟಂಟ್ ಸರ್ಜನ್ ಆಗಿ ಉದಗೀರದ ದವಾಖಾನೆಯಲ್ಲಿದ್ದೆ. ಹೆಸರು ಉದ್ದವಾದರೂ ಹುದ್ದೆ ಸಣ್ಣದು. ಜ್ವರಕ್ಕೆ ಕ್ವಿನೈನ್ ಕೊಡುವವನು, ಕುರು ಕೊಯ್ಯುವವನು, ಪಂಚನಾಮೆಗೆ ಹೆಣ ನೋಡುವವನು ಎಲ್ಲಾ ನಾನೇ. ಹೈದರಾಬಾದಿನಲ್ಲಿ ಓದುವಾಗ ಕಣ್ಣಿನ ವಾರ್ಡಿನಲ್ಲಿ ಕೆಲವು ತಿಂಗಳು ಹೆಚ್ಚಿಗೆ ಕೆಲಸ ಮಾಡಿದ್ದೆ. ಆ ಒಂದು ತಪ್ಪಿಗೆ ಮೇಲಿನವರು ನನ್ನ ಹೆಗಲ ಮೇಲೆ ಇನ್ನೊಂದು ಹೊರೆ ಹೊರಿಸಿದರು. ಉದಗೀರ, ನಿಲಂಗಾ, ಉಮರ್ಗಾ ಸುತ್ತಲಿನ ಶಾಲೆಗಳಿಗೆ ಹೋಗಿ ಮಕ್ಕಳ ದೃಷ್ಟಿ ಪರೀಕ್ಷಿಸಿ ವರದಿ ಕಳಿಸಬೇಕು. ಅಂಥ ಕೆಲಸ ಆ ಸೀಮೆಯಲ್ಲಿ ಅದುವರೆಗೆ ಯಾರೂ ಮಾಡಿದ್ದು ನನಗೆ ಗೊತ್ತಿರಲಿಲ್ಲ. ಹೇಗೆ ಮಾಡಬೇಕೆಂದು ಕೇಳೋಣವೆಂದರೆ ಹೇಳುವವರೂ ಇರಲಿಲ್ಲ.

ನನ್ನ ಸಾಮಾನು ಇಷ್ಟೇ: ಗಾಜುಗಳ ಒಂದು ಪೆಟ್ಟಿಗೆ, ನಡುವೆ ತೂತಿರುವ ಒಂದು ಪುಟ್ಟ ಕನ್ನಡಿ, ಒಂದು ಸೀಮೆಎಣ್ಣೆ ದೀಪ, ಮತ್ತು ಒಂದು ಫಲಕ. ಫಲಕದ ಬಗ್ಗೆ ಎರಡು ಮಾತು ಹೇಳಬೇಕು. ಓದು ಬಾರದವರಿಗೆಂದೇ ಮಾಡಿದ ಅದರಲ್ಲಿ ಅಕ್ಷರಮಾಲೆ ಇರುವುದಿಲ್ಲ. ಒಂದು ನೇರ ಗೆರೆ, ಅದಕ್ಕೆ ಮೂರು ಹಲ್ಲು; ಇದೊಂದೇ ಆಕಾರ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಒಮ್ಮೆ ಕೆಳಕ್ಕೆ, ಒಮ್ಮೆ ಮೇಲಕ್ಕೆ ಮುಖಮಾಡಿ, ಸಾಲಿನಿಂದ ಸಾಲಿಗೆ ಸಣ್ಣದಾಗುತ್ತಾ ಹೋಗುತ್ತದೆ. ಮಗುವನ್ನು ಇಪ್ಪತ್ತು ಅಡಿ ದೂರ ನಿಲ್ಲಿಸಿ, ಹಲ್ಲುಗಳು ಯಾವ ಕಡೆಗಿವೆ ಎಂದು ಕೇಳಬೇಕು. ಎಷ್ಟು ಸಣ್ಣ ಸಾಲಿನವರೆಗೆ ಹೇಳುತ್ತದೋ ಅಷ್ಟು ಒಳ್ಳೆಯ ದೃಷ್ಟಿ.

ಉಮರ್ಗಾದಿಂದ ದಮಣಿ ಎಂಬ ಪುಟ್ಟ ಎತ್ತಿನ ಗಾಡಿಯಲ್ಲಿ ಕೂತು ದಾಳಿಂಬ ಹಳ್ಳಿಗೆ ಹೋದಾಗ ಹಿಂಗಾರಿ ಜೋಳ ಬಿತ್ತುವ ಹಂಗಾಮು. ದಾರಿಯ ಎರಡೂ ಬದಿಗೆ ಕರಿ ಹೊಲಗಳಲ್ಲಿ ಎತ್ತುಗಳು ಸಾಲು ಹಿಡಿದು ಓಡಾಡುತ್ತಿದ್ದವು. ಶಾಲೆ ನಡೆಯುತ್ತಿದ್ದುದು ಊರ ಚಾವಡಿಯಲ್ಲಿ. ದತ್ತೋಬಾ ಮಾಸ್ತರರು ಒಬ್ಬರೇ ಶಿಕ್ಷಕರು. ಮನೆಮಾತು ಮರಾಠಿ, ಆದರೆ ಊರಿನ ಕನ್ನಡವನ್ನು ಊರವರಂತೆಯೇ ಆಡುತ್ತಿದ್ದರು. ಮಕ್ಕಳಲ್ಲಿ ಹೆಚ್ಚಿನವರು ಹೊಲ ಉಳುವ ಶಿವಭಕ್ತರ ಮನೆಯವರು, ಉಳಿದವರು ಬೀರಪ್ಪ ದೇವರ ಒಕ್ಕಲಿನ ಕುರುಬರ ಮಕ್ಕಳು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಶಾಲೆಯಲ್ಲಿ ಮರಾಠಿಯ ಜೊತೆ ಉರ್ದು; ಮೂರನ್ನೂ ಒಂದೇ ಬಾಯಲ್ಲಿ ಇಟ್ಟುಕೊಂಡಿದ್ದರು. ಪಾಠವೆಲ್ಲ ಕೂಡಿ ಕೂಗುವುದು. ಒಬ್ಬ ಹೇಳಿದರೆ ಉಳಿದವರು ಹೇಳುವುದು. ನಾನು ಚಾವಡಿ ಹತ್ತುವಾಗ ಮಗ್ಗಿಯ ಕೂಗಿಗೆ ಮೇಲಿನ ಪಾರಿವಾಳಗಳು ಎದ್ದು ಹಾರಿದವು.

ಮೊದಲು ಕರೆದದ್ದು ಶರಣಪ್ಪನೆಂಬ ಚುರುಕು ಹುಡುಗನನ್ನು. ಫಲಕ ನೋಡಿದವನೇ ನನ್ನ ವಿವರಣೆಗೆ ಕಾಯಲಿಲ್ಲ.

“ಇದು ಕೂರಿಗಿ ಅದರೀ ಸಾಹೇಬ್ರ!” ಎಂದ.

ಕೂರಿಗೆ ಎಂದರೆ ಬೀಜ ಬಿತ್ತುವ, ಮೂರು ಹಲ್ಲಿನ ಉಪಕರಣ. ಆ ದಿನಗಳಲ್ಲಿ ಊರಿನ ತುಂಬ ಅದೇ. ನನಗೆ ಬಹಳ ಸಂತೋಷವಾಯಿತು, ಅರ್ಧ ಕೆಲಸವನ್ನು ಹುಡುಗನೇ ಮಾಡಿಬಿಟ್ಟನಲ್ಲ! “ಹಂಗಾದ್ರ ಕೂರಿಗಿ ಹಲ್ಲು ಯಾ ಕಡಿ ಅದಾವ, ಹೇಳು” ಎಂದೆ. ಮೊದಲ ದೊಡ್ಡ ಆಕಾರವನ್ನು ಸುಮ್ಮನೆ ದಾಟಿ, ಎಡ ಬಲ ಎನ್ನದೆ ಅವನು “ಗುಡಿ ಕಡಿ”, “ಬಾವಿ ಕಡಿ”, “ನೆಲದಾಗ” ಎಂದು ಚಟಚಟನೆ ಹೇಳಿದ. ಮೇಲ್ಮುಖದ್ದು ಬಂತು. ಹುಡುಗ ಸುಮ್ಮನಾದ. ನಾನು ಕೋಲು ಮುಂದಿಟ್ಟೆ, ಮತ್ತೆ ಹೇಳಿದ. ಮುಂದಿನ ಸಾಲಿನಲ್ಲಿ ಇನ್ನೊಂದು ಮೇಲ್ಮುಖದ್ದು. ಮತ್ತೆ ಸುಮ್ಮನೆ.

ಎರಡನೆಯ ಹುಡುಗನೂ ಹಾಗೇ. ಮೂರನೆಯವನೂ ಹಾಗೇ. ಕೊನೆಯವರೆಗೆ ಬಂದವರೆಲ್ಲ ಎಡ, ಬಲ, ಕೆಳಗೆ ಎಂದು ಸರಾಗವಾಗಿ ಹೇಳಿ, ಮೇಲ್ಮುಖದ್ದು ಬಂದ ಕೂಡಲೇ ತುಟಿ ಹೊಲಿದುಕೊಂಡವರಂತೆ ನಿಂತರು. ಎಲ್ಲಕ್ಕಿಂತ ದೊಡ್ಡ ಆಕಾರವೇ ಮೇಲ್ಮುಖವಾಗಿತ್ತು. ಅದು ಕುರಿಯ ಮುಖದಷ್ಟು ದೊಡ್ಡದು, ಅದನ್ನೂ ಹೇಳಲಿಲ್ಲ.

ಓದಿದ್ದನ್ನೆಲ್ಲ ನೆನಪಿಗೆ ತಂದುಕೊಂಡೆ. ಆಸ್ಟಿಗ್ಮ್ಯಾಟಿಸಂ ಎಂಬ ಒಂದು ದೋಷವಿದೆ. ಕಣ್ಣಿನ ಮುಂಭಾಗದ ಬಾಗು ಎಲ್ಲ ಕಡೆ ಸಮನಾಗಿರದೆ, ಒಂದು ದಿಕ್ಕಿನ ಗೆರೆಗಳು ಮಾತ್ರ ಮಸುಕಾಗುತ್ತವೆ. ಆದರೆ ಅದರಲ್ಲಿ ಕೆಳಮುಖದ್ದು ಕಂಡವನಿಗೆ ಮೇಲ್ಮುಖದ್ದೂ ಕಾಣಲೇಬೇಕು, ಗೆರೆಗಳು ಅವೇ ತಾನೇ. ಹಾಗಾದರೆ ಇದು ಯಾವ ರೋಗ? ಒಂದು ಊರಿನ ಅಷ್ಟೂ ಮಕ್ಕಳಿಗೆ? ನೀರೇ, ಆಹಾರವೇ? ಸುಳ್ಳೇಕೆ ಹೇಳಲಿ, ಹೊಸ ರೋಗ ಕಂಡುಹಿಡಿದೆನೆಂಬ ಆಸೆಯೂ ಒಂದು ಗಳಿಗೆ ಮೂಗು ತೂರಿಸಿತು.

ಶಾಲೆ ಬಿಡುವ ಹೊತ್ತಿಗೆ ಶರಣಪ್ಪನನ್ನು ಒಬ್ಬನನ್ನೇ ನಿಲ್ಲಿಸಿಕೊಂಡು ಆ ದೊಡ್ಡ ಆಕಾರದ ಮೇಲೆ ಕೋಲಿಟ್ಟೆ.

“ಇದು ಕಾಣತದೋ ಇಲ್ಲೋ?”

“ಕಾಣತದ್ರಿ.”

“ಮತ್ತ ಯಾಕ ಹೇಳವಲ್ಲಿ?”

ಹುಡುಗ ಆಚೀಚೆ ನೋಡಿ ದನಿ ತಗ್ಗಿಸಿದ. “ಬಿತ್ತೂದು ಮುಗಿಯೂತನಕ ಹಂಗ ಅನಬಾರದ್ರೀ. ಕೂರಿಗಿ ಮಾರಿ ಮ್ಯಾಲ ಆದ್ರ ಬೀಜ ನಾಟಂಗಿಲ್ರಿ. ನಮ್ಮಪ್ಪ ಕೇಳಿದ್ರ ನನ್ನ ಹಲ್ಲ ಮುರೀತಾನ್ರಿ.”

ದತ್ತೋಬಾ ಮಾಸ್ತರರು ಹಣೆ ಚಚ್ಚಿಕೊಂಡರು. “ಅರೆ ದೇವಾ! ಖರೇ ಅದರೀ ಸಾಹೇಬ. ಬಿತ್ತೂ ಮುಂದ ಇಲ್ಲಿ ಯಾರೂ ಕೂರಿಗಿ ಉಲ್ಟಾ ಇಡಂಗಿಲ್ಲ, ಬಾಯಿಲೆ ಸುದ್ದಾ ಅನಂಗಿಲ್ಲ. ನನಗ ಹೊಳೀಲೇ ಇಲ್ಲ ನೋಡ್ರಿ.”

ನಾನು ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನಗು ಇಳಿದ ಮೇಲೆ ಮಾತ್ರ ಬೆರಗಾಯಿತು. ಯಾರೂ ಯಾರಿಗೂ ಕಣ್ಸನ್ನೆ ಮಾಡಿರಲಿಲ್ಲ. ಸರಕಾರದ ಡಾಕ್ಟರ ಎದುರು ನಿಂತು, ಕುರುಡನೆನಿಸಿಕೊಂಡರೂ ಚಿಂತೆಯಿಲ್ಲ ಎಂದು, ಆ ಪುಟ್ಟ ಮಕ್ಕಳು ಒಬ್ಬೊಬ್ಬರೇ ಊರಿನ ಬಿತ್ತನೆಯನ್ನು ಕಾಯ್ದಿದ್ದರು. ನನ್ನ ವರದಿಯ ಕಾಗದವನ್ನು ಹರಿದು ಹಾಕಿ ಆ ದಿನ ಅಲ್ಲಿಯೇ ಉಳಿದೆ.

ಮರುದಿನ ಬೆಳಿಗ್ಗೆ ಫಲಕಕ್ಕೆ ಹೊಸ ಹೆಸರಿಟ್ಟೆ. “ಇದು ಕೂರಿಗಿ ಅಲ್ಲಪಾ, ಹಣಗಿ. ತಲಿ ಬಾಚೂ ಹಣಗಿ. ಹಣಗಿ ಯಾ ಕಡಿ ಮಾರಿ ಮಾಡಿದ್ರೂ ನಡೀತದ, ಹೌದಿಲ್ಲೋ?” ಬಾಚಣಿಗೆಗೆ ಯಾವ ಕಟ್ಟಳೆಯೂ ಇರಲಿಲ್ಲ. ಮಕ್ಕಳು ನಕ್ಕರು. ಕೂಡಿ ಕೂಗುವ ಶಾಲೆಯಲ್ಲಿ ಒಬ್ಬನ ಉತ್ತರ ಇನ್ನೊಬ್ಬನ ಕಿವಿಗೆ ಬೀಳುತ್ತದೆಂದು, ಪ್ರತಿಯೊಬ್ಬ ಬಂದಾಗಲೂ ಫಲಕವನ್ನು ಬೇರೆ ಬೇರೆ ಕಡೆ ತಿರುಗಿಸಿ ತೂಗುಹಾಕಿದೆ.

ಆಮೇಲೆ ನಡೆದದ್ದನ್ನು ನಾನು ಹೈದರಾಬಾದಿನ ಸ್ನೇಹಿತರಿಗೆ ಹೇಳಿದರೆ ನಂಬಲಿಲ್ಲ. ಮಕ್ಕಳು ಕೊನೆಯ ಸಾಲನ್ನು ಸರಾಗವಾಗಿ ಹೇಳಿದರು. ಹಿಂದಕ್ಕೆ ಸರಿಸಿದೆ, ಹೇಳಿದರು. ಚಾವಡಿಯ ಮೆಟ್ಟಿಲು ಇಳಿಸಿ ಅಂಗಳದಲ್ಲಿ ನಿಲ್ಲಿಸಿದೆ, ಹೇಳಿದರು. ಕುರುಬರ ಒಬ್ಬ ಹುಡುಗ ಬಾವಿಕಟ್ಟೆಯ ಹತ್ತಿರ ನಿಂತು, ಕೊನೆಯ ಸಾಲಿನಲ್ಲಿ ಒಂದು ಕಡೆ ತಡೆದ. ಅಂತೂ ಇವನ ಕಣ್ಣಿಗೂ ಒಂದು ಮಿತಿ ಸಿಕ್ಕಿತೆಂದುಕೊಂಡೆ.

“ಸಾಹೇಬ್ರ, ಇಲ್ಲೊಂದು ನೊಣ ಕುಂತದ್ರಿ. ಅದು ಏಳಲಿ, ಹೇಳ್ತೀನಿ” ಎಂದ.

ನಾನು ಫಲಕದ ಪಕ್ಕದಲ್ಲೇ ನಿಂತಿದ್ದೆ. ನೋಡಿದರೆ ನಿಜವಾಗಿಯೂ ನೊಣ! ಪುಸ್ತಕದಲ್ಲಿ ‘ಸಹಜ ದೃಷ್ಟಿ’ ಎಂದು ಓದಿ ಪಾಸಾದ ನನಗೆ, ಮನುಷ್ಯನ ಕಣ್ಣು ಏನೆಂಬುದು ಅಂದು ಮೊದಲ ಸಲ ಕಂಡಿತು. ಕೈ ಮುಗಿಯಬೇಕೆನಿಸಿತು.

ನನ್ನ ಖುಷಿ ಕಂಡು ಮಾಸ್ತರರಿಗೂ ಹುರುಪು ಬಂತು. ಮುಂದಿನ ಸಾಲಿನಲ್ಲಿ ಕೂತಿದ್ದ ಹುಡುಗನ ಭುಜ ಹಿಡಿದು ಎಬ್ಬಿಸಿ ತಂದರು. “ಇಂವಾ ಮಾಳಪ್ಪ. ನಮ್ಮ ಸಾಲಿ ಹೀರಾ ನೋಡ್ರಿ ಇಂವಾ. ಒಂದ್ ಸಲ ಕೇಳಿದ್ರ ಮರೀಯಂಗಿಲ್ಲ.” ಕುರುಬರ ಹುಡುಗ, ಹತ್ತರ ಆಸುಪಾಸಿನವನು. ನೆಟ್ಟಗೆ ನಿಂತು, ನನ್ನ ಕೋಲು ಏಳುವ ಮೊದಲೇ ಶುರು ಮಾಡಿದ. ಒಂದು ಕ್ಷಣ ಸುಮ್ಮನಿದ್ದು, “ಗುಡಿ ಕಡಿ, ಬಾವಿ ಕಡಿ” ಎಂದ. “ನೆಲದಾಗ” ಎಂದ. ಮತ್ತೆ ಸುಮ್ಮನಾದ. ಮುಂದುವರಿದ.

ನಾನು ಕೋಲನ್ನು ಇನ್ನೂ ಎತ್ತಿರಲೇ ಇಲ್ಲ. ಫಲಕ ಆಗ ತಲೆಕೆಳಗಾಗಿ ತೂಗುತ್ತಿತ್ತು. ಅವನು ಹೇಳುತ್ತಿದ್ದುದು ನಿನ್ನೆಯ ಉತ್ತರ, ನಿನ್ನೆಯ ಅನುಕ್ರಮದಲ್ಲಿ. ಎಲ್ಲರೂ ಸುಮ್ಮನಾದ ಜಾಗಗಳಲ್ಲಿ ಅಷ್ಟಷ್ಟೇ ಹೊತ್ತು ಸುಮ್ಮನಾಗುತ್ತಾ ಇದ್ದ. ಆ ಮೌನವೂ ಪಾಠದ ಭಾಗವೆಂದು ಕಲಿತುಕೊಂಡಿದ್ದ. ಫಲಕವನ್ನು ತೆಗೆದು ನೆಲಕ್ಕಿಟ್ಟೆ. ಅವನು ಬರೀ ಗೋಡೆಯನ್ನು ನೋಡುತ್ತಾ ಕೊನೆಯ ಸಾಲಿನವರೆಗೆ ಒಪ್ಪಿಸಿದ. ಮಾಸ್ತರರ ಮುಖದ ಬಣ್ಣ ಹೋಯಿತು.

“ಅಂವಗ ಕಾಣಂಗಿಲ್ರಿ” ಎಂದ ಶರಣಪ್ಪ, ಬಹಳ ಸಹಜವಾಗಿ.

“ಯಾರಿಗೆ ಗೊತ್ತದ ಇದು?”

“ಎಲ್ಲಾರಿಗೂ ಗೊತ್ತದ್ರಿ. ನಾವs ಹೇಳ್ತೀವಲ್ರಿ ಅಂವಗ, ಕಲ್ಲು, ಮುಳ್ಳು, ತಗ್ಗು ಅಂತ.”

“ಮತ್ತ ಮಾಸ್ತರಿಗೆ ಯಾಕ ಹೇಳಿಲ್ಲ?”

ಹುಡುಗ ಗಲಿಬಿಲಿಗೊಂಡ. “ಮಾಸ್ತರು ಕೇಳಿಲ್ಲಲ್ರೀ.”

ಅವರಿಗೆ ಅದು ಗುಟ್ಟಾಗಿರಲಿಲ್ಲ. ಒಬ್ಬನಿಗೆ ಕಾಲು ಉದ್ದ, ಒಬ್ಬನಿಗೆ ಸಿಡುಕು, ಮಾಳಪ್ಪನಿಗೆ ದೂರದ್ದು ಕಾಣುವುದಿಲ್ಲ, ಇಷ್ಟೇ. ಅಂದು ಶಾಲೆ ಬಿಟ್ಟ ಮೇಲೆ ನಾನು ಅವರ ಹಿಂದೆಯೇ ಹೋದೆ. ಮಾಳಪ್ಪ ನಡುವೆ, ಯಾರ ಕೈಯನ್ನೂ ಹಿಡಿದಿರಲಿಲ್ಲ. ಮುಂದಿನವನು ಆಟದ ನಡುವೆಯೇ “ಕಲ್ಲು” ಅನ್ನುವನು, ಪಕ್ಕದವನು ಜಗಳದ ನಡುವೆಯೇ “ಎಮ್ಮಿ ಬಂತು” ಅನ್ನುವನು. ಮಾಳಪ್ಪ ಜಗಳವನ್ನೂ ಬಿಡದೆ, ಕಲ್ಲನ್ನೂ ಎಡವದೆ ನಡೆಯುತ್ತಿದ್ದ. ಇಡೀ ಊರಿನ ಕಣ್ಣೆದುರು ದಿನಾ ಎರಡು ಹೊತ್ತು ಇದು ನಡೆದಿತ್ತು, ದೊಡ್ಡವರಾರೂ ನೋಡಿರಲಿಲ್ಲ.

ಊರ ಹೊರಗೆ ಕುರಿಹಟ್ಟಿಯಲ್ಲಿ ಅವನ ತಂದೆ ಶಿದ್ದಪ್ಪ ಸಿಕ್ಕ. ಎತ್ತರದ ಗಟ್ಟಿ ಆಳು. ಮಗನ ಕಣ್ಣು ಸರಿಯಿಲ್ಲ ಎಂದೆ. ಅವನು ಗಹಗಹಿಸಿ ನಕ್ಕ.

“ನಮ್ಮ ಕುಲದಾಗ ಕಣ್ಣಿನ ಬ್ಯಾನಿ ಇಲ್ರೀ ಸಾಹೇಬ್ರ. ಬೀರಪ್ಪ ಕೊಟ್ಟ ಕಣ್ಣವು. ದೀವಳಗಿ ಆದ ಕೂಡ್ಲೆ ಹಿಂಡ ಹೊಂಡತದ. ಈ ಸಲ ಮರೀಗೋಳ್ನ ಇಂವನ ಕೈಯಾಗs ಕೊಡಾಂವ ಅದೀನಿ. ಒಬ್ಬನs ಮೇಸ್ಕೊಂಡ ಬರಲಿ, ಸಾಲಿ ಸಾಕು.”

ಆ ಬಯಲಿನಲ್ಲಿ ಕಟ್ಟೆಯಿಲ್ಲದ ಬಾವಿಗಳು, ತೋಳಗಳು. ಅಲ್ಲಿ “ತಗ್ಗು” ಎಂದು ಹೇಳುವ ಗೆಳೆಯರು ಇರುವುದಿಲ್ಲ. ಎಷ್ಟು ಹೇಳಿದರೂ ಶಿದ್ದಪ್ಪ ಒಪ್ಪಲಿಲ್ಲ. ನನ್ನನ್ನು ಸುಳ್ಳು ಮಾಡಲೆಂದೇ ಮಗನನ್ನು ಹಟ್ಟಿಯ ಬಾಗಿಲಲ್ಲಿ ನಿಲ್ಲಿಸಿ, ದೂರದಲ್ಲಿ ಮೇಯುತ್ತಿದ್ದ ಹಿಂಡಿನ ಕಡೆ ಕೈಮಾಡಿ, “ಆ ಕಡೀದು ಯಾವದೋ?” ಎಂದ.

“ಕೆಂಚಿ” ಎಂದ ಮಾಳಪ್ಪ.

“ಅದರ ಬಾಜೂಕ?”

“ಮುರಕಿವಿ. ಅದರ ಹಿಂದ ಬಗರಿ, ಮರಿ ಹಾಲ ಕುಡೀಲಕ್ಕ ಹತ್ಯಾದ.”

ಒಂದೂ ತಪ್ಪಲಿಲ್ಲ. ಶಿದ್ದಪ್ಪ ನನ್ನ ಕಡೆ ಗೆದ್ದ ನೋಟ ಬೀರಿದ. ನಾನೂ ಒಂದು ಗಳಿಗೆ ನನ್ನ ಪರೀಕ್ಷೆಯನ್ನೇ ಅನುಮಾನಿಸಿದೆ. ಆಮೇಲೆ ಕಿವಿಗೊಟ್ಟೆ. ಒಂದೊಂದು ಕುರಿಯ ಕೊರಳಲ್ಲಿ ಒಂದೊಂದು ದನಿಯ ಗಂಟೆ. ಗಂಟೆಯಿಲ್ಲದ್ದಕ್ಕೆ ಅದರದೇ ಕೂಗು, ಅದರದೇ ಕೆಮ್ಮು. ಹುಡುಗ ಕಣ್ಣು ಮುಚ್ಚಿದ್ದರೂ ಇಷ್ಟೇ ಹೇಳುತ್ತಿದ್ದ. ಇಷ್ಟು ಕೇಳಬಲ್ಲ ಕಿವಿ ಇರಬಹುದೆಂದು ನನಗೆ ಯಾವ ಪುಸ್ತಕವೂ ಹೇಳಿರಲಿಲ್ಲ.

“ಶಿದ್ದಪ್ಪ, ಹೋಗಿ ಗಂಟಿಯೊಳಗ ಹುಲ್ಲ ತುರುಕು. ಆಮ್ಯಾಲ ಒಂದs ಕುರಿ ಹಿಡಕೊಂಡು ಸುಮ್ನ ನಿಂದ್ರು. ಮಾತಾಡಬ್ಯಾಡ” ಎಂದೆ. ಮಕ್ಕಳಿಗೂ ಬಾಯಿ ಮುಚ್ಚಿಕೊಳ್ಳಲು ಹೇಳಿದೆ. ಶರಣಪ್ಪ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

ಶಿದ್ದಪ್ಪ ನಗುತ್ತಲೇ ಹೋದ. ಗಂಟೆಗಳು ಒಂದೊಂದಾಗಿ ನಿಂತವು. ಒಂದು ಕುರಿಯ ಬಾಯಿ ಒತ್ತಿ ಹಿಡಿದು, ಮಗನ ಕಡೆ ತಿರುಗಿ ನಿಂತ. ನಾನು ಮಾಳಪ್ಪನನ್ನು ಕೇಳಿದೆ, ಅದು ಯಾವ ಕುರಿ ಎಂದು. ಹುಡುಗ ತಲೆ ವಾಲಿಸಿದ. ಇನ್ನೊಂದು ಕಡೆ ವಾಲಿಸಿದ. ಗೆಳೆಯರ ಕಡೆ ತಿರುಗಿದ. ಅವರಿಂದ ಒಂದು ಸದ್ದೂ ಇಲ್ಲ. ಶಿದ್ದಪ್ಪ ಕುರಿಯನ್ನು ಎಳೆದುಕೊಂಡು ಹತ್ತಿರ ಬಂದ, ಇನ್ನೂ ಹತ್ತಿರ ಬಂದ. ನಗು ಮಾಯವಾಗಿತ್ತು. ಕೈ ಎತ್ತಿ ಬೀಸಿದ. ಮಗ ಅವನ ಪಕ್ಕದ ಬಯಲನ್ನು ನೋಡುತ್ತಿದ್ದ.

“ಅಪ್ಪಾ, ಎಲ್ಲಿದ್ದಿ? ಮಾತಾಡು” ಎಂದ ಮಾಳಪ್ಪ.

ಶಿದ್ದಪ್ಪ ಕುರಿಯನ್ನು ಬಿಟ್ಟು ನೆಲಕ್ಕೆ ಕುಸಿದು ಕೂತ. ನನಗೆ ಹೇಳಿದ: “ಹೋದ ವರ್ಷ ತ್ವಾಳ ಬಂದು ಮರಿ ಒಯ್ತುರೀ. ಕಣ್ಣ ಮುಂದ ಒಯ್ದ್ರೂ ಸುಮ್ನ ನಿಂತಿದ್ದಿ ಅಂತ ಇಂವಗ ಬಾರಕೋಲಿಲೆ ಬಡದೀನ್ರಿ. ಕಾಣಲಿಲ್ಲ ಅಂತ ಒಂದ್ ಮಾತು ಅನಲಿಲ್ರೀ ಇಂವಾ.” ಆಮೇಲೆ ಕೇಳಿದ, “ಕಣ್ಣು ಬರತಾವೇನ್ರಿ?” ಎಂದು. ನೋಡದೆ ಮಾತು ಕೊಡಲಾರೆ ಎಂದೆ.

ಮರುದಿನ ಹಟ್ಟಿಯ ಕುರುಬರೆಲ್ಲ ತಮ್ಮ ಕರಿ ಕಂಬಳಿಗಳನ್ನು ತಂದುಕೊಟ್ಟರು. ಚಾವಡಿಯ ಒಂದು ಮೂಲೆಗೆ ಅವನ್ನು ಕಟ್ಟಿ ಕತ್ತಲೆ ಕೋಣೆ ಮಾಡಿದೆ. ರೆಟಿನೋಸ್ಕೋಪಿ ಎಂಬ ಪರೀಕ್ಷೆಗೆ ಕತ್ತಲೆ ಬೇಕು. ದೀಪದ ಬೆಳಕನ್ನು ತೂತಿನ ಕನ್ನಡಿಯಿಂದ ಕಣ್ಣಿನೊಳಗೆ ಬಿಟ್ಟು, ಕನ್ನಡಿಯನ್ನು ಅಲ್ಲಾಡಿಸಿದಾಗ ಒಳಗಿನ ಬೆಳಕು ಯಾವ ಕಡೆ ಓಡುತ್ತದೆಂದು ನೋಡಿ ಬೇಕಾದ ಗಾಜನ್ನು ನಿರ್ಧರಿಸುವುದು. ಮಗು ಏನನ್ನೂ ಹೇಳಬೇಕಾಗಿಲ್ಲ. ಹಾಗಾಗಿ ಬಾಯಿಪಾಠಕ್ಕೆ ಇಲ್ಲಿ ಜಾಗವಿಲ್ಲ. ಮಾಳಪ್ಪನದು ತೀವ್ರ ಮಯೋಪಿಯಾ, ಅಂದರೆ ಹತ್ತಿರದ್ದು ಮಾತ್ರ ಕಾಣುವ ದೋಷ. ಮೂಗಿನಿಂದ ನಾಲ್ಕು ಬೆರಳಿನೊಳಗೆ ಎಲ್ಲವೂ ಸ್ಪಷ್ಟ, ಅದರಾಚೆ ಲೋಕವೆಲ್ಲ ಮಂಜು. ಕಣ್ಣಿನ ಒಳಗೆ ಬೇರೆ ರೋಗವಿಲ್ಲವೆಂದು ಖಾತ್ರಿಯಾದಾಗ ನನಗೇ ಗೊತ್ತಿಲ್ಲದೆ “ಶಿವಾ” ಎಂದೆ. ನನ್ನ ಪೆಟ್ಟಿಗೆಯಲ್ಲಿ ಅಷ್ಟು ಬಲದ ಗಾಜು ಇರಲಿಲ್ಲ. ಒಂದೊಂದು ಕಣ್ಣಿಗೆ ಎರಡೆರಡು ಗಾಜು ಕೂಡಿಸಿ, ಪರೀಕ್ಷೆಯ ಭಾರವಾದ ಕಬ್ಬಿಣದ ಚೌಕಟ್ಟನ್ನು ಅವನ ಮೂಗಿನ ಮೇಲೆ ಕೂರಿಸಿ, ಕಂಬಳಿ ಸರಿಸಿ ಹೊರಗೆ ಕರೆತಂದೆ.

ಅಂಗಳದಲ್ಲಿ ಬಾವಿಕಟ್ಟೆಯ ಹತ್ತಿರ ಕುರುಬರು ಸಾಲಾಗಿ ನಿಂತಿದ್ದರು. ಎಲ್ಲರದೂ ಅದೇ ಪಟಕ, ಅದೇ ಧೋತರ. ನಡುವೆ ಶಿದ್ದಪ್ಪ. ಯಾರೂ ಮಾತಾಡಬಾರದೆಂದು ಅವನೇ ಕಟ್ಟಪ್ಪಣೆ ಮಾಡಿದ್ದನಂತೆ. ನಾನೂ ಸುಮ್ಮನಿದ್ದೆ.

ಮಾಳಪ್ಪ ಚೌಕಟ್ಟನ್ನು ಎರಡು ಕೈಯಿಂದ ಹಿಡಿದು ನಿಂತ. ಅವನಿಗೆ ಆ ಜನರೆಲ್ಲ ದನಿಗಳಾಗಿ ಗೊತ್ತು. ಒಂದು ತುದಿಯಿಂದ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಬಂದ. ಅವಸರವೇ ಇಲ್ಲ. ಶಿದ್ದಪ್ಪನ ಮೇಲೆ ಕಣ್ಣು ಬಂದಾಗ ನಿಂತಿತು. ದಾಟಿ ಮುಂದೆ ಹೋಯಿತು. ಮತ್ತೆ ಹಿಂದಕ್ಕೆ ಬಂತು. ಶಿದ್ದಪ್ಪ ಉಸಿರು ಹಿಡಿದಿದ್ದ. ಅವನ ಕತ್ತಿನ ನರ ನನಗೆ ಕಾಣುತ್ತಿತ್ತು.

“ಅಪ್ಪಾ” ಎಂದ ಹುಡುಗ. “ನಿನ್ನ ಮೀಸಿ ಯಾವಾಗ ಬೆಳ್ಳಗಾತು?”

ತೊಡೆಯ ಮೇಲೆ ಕೂತ ಕೂಸಾಗಿದ್ದಾಗ ಅಷ್ಟು ಹತ್ತಿರದಿಂದ ನೋಡಿದ ಮುಖವದು. ಆಮೇಲೆ ಯಾವ ತಂದೆ ಬೆಳೆದ ಮಗನಿಗೆ ನಾಲ್ಕು ಬೆರಳಿನ ದೂರದಲ್ಲಿ ಮುಖ ಹಿಡಿಯುತ್ತಾನೆ? ಹುಡುಗನ ಮನಸ್ಸಿನಲ್ಲಿ ತಂದೆಯ ಮೀಸೆ ಅಲ್ಲಿಯವರೆಗೂ ಕಪ್ಪಾಗಿಯೇ ಇತ್ತು. ಶಿದ್ದಪ್ಪ ಮೀಸೆಯ ಮೇಲೆ ಕೈ ಇಟ್ಟುಕೊಂಡ. ಹತ್ತಿರ ಬಂದು ಮಗನ ತಲೆಯನ್ನು ಎದೆಗೆ ಒತ್ತಿಕೊಳ್ಳಲು ಹೋದವನು, ಗಾಜು ಒಡೆದೀತೆಂದು ಹೆದರಿ ಕೈ ಹಿಂದೆಗೆದ. ಮಾಸ್ತರರು ಪಂಚೆಯ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನೂ ಅತ್ತೆ, ನಾಚಿಕೆಯಿಲ್ಲದೆ ಅತ್ತೆ.

ಹೈದರಾಬಾದಿನಿಂದ ಚಾಳೀಸು, ಅಂದರೆ ಕನ್ನಡಕ, ಬಂದದ್ದು ದೀಪಾವಳಿಯ ನಂತರ. ಅಲ್ಲಿಯವರೆಗೆ ಶಿದ್ದಪ್ಪ ಹಿಂಡನ್ನು ಹೊರಡಿಸಲಿಲ್ಲ. ಹೊರಟಾಗ ಮರಿಗಳ ಜೊತೆ ಮಗನನ್ನು ಕಳಿಸಲೂ ಇಲ್ಲ, ಶಾಲೆಯಲ್ಲೇ ಬಿಟ್ಟು ಹೋದ.

ನಾನು ಕಲಿತದ್ದು ಇಷ್ಟು. ನನ್ನ ಫಲಕಕ್ಕೆ ಗೊತ್ತಿರುವುದು ಮಗುವಿನ ಕಣ್ಣು ಮಾತ್ರ, ಅದೂ ಮಗು ಬಾಯಿ ಬಿಟ್ಟರೆ. ಮಗು ಹೇಗೆ ಬದುಕುತ್ತಿದೆ ಎಂಬುದು ಅದರ ಜೊತೆ ನಡೆಯುವವರಿಗೆ ಗೊತ್ತು, ಮತ್ತು ಅವರನ್ನು ಯಾರೂ ಕೇಳಿರುವುದಿಲ್ಲ. ದಾಳಿಂಬ ಬಿಟ್ಟು ನಿಲಂಗಾ ಕಡೆಯ ಒಂದು ಶಾಲೆಗೆ ಹೋದೆ. ಮಕ್ಕಳು ಸಾಲಾಗಿ ಕೂತು ನನ್ನ ಪೆಟ್ಟಿಗೆಯನ್ನೇ ನೋಡುತ್ತಿದ್ದರು. ನಾನು ಪೆಟ್ಟಿಗೆ ತೆಗೆಯಲಿಲ್ಲ. “ನಿಮ್ಮೊಳಗ ಯಾರಿಗೆ ನೀವು ದಾರಿ ಹೇಳ್ತೀರಿ?” ಎಂದು ಕೇಳಿದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಅಷ್ಟೂ ಬೆರಳುಗಳು ಒಮ್ಮೆಲೇ, ಕಂಬದ ಹತ್ತಿರ ಕೂತಿದ್ದ ಒಬ್ಬ ಹುಡುಗನ ಕಡೆ ತಿರುಗಿದವು. ಅವನೊಬ್ಬನೇ ಸುಮ್ಮನೆ ಕೂತಿದ್ದ. ಎಲ್ಲರೂ ತನ್ನನ್ನೇ ತೋರಿಸುತ್ತಿದ್ದಾರೆಂದು ಅವನಿಗೆ ಕಂಡಿರಲಿಲ್ಲ.